ಕರಿಯ ರಾಜ ಮುಂದೆ ನಡೆದದ್ದು

ಚದುರಂಗದ ಆಟದಲ್ಲಿ ಇನ್ನೂ ಎರಡನೇ ನಡೆ. ಬಿಳಿಯ ಪಡೆ ತನ್ನ ಕಾಲಾಳೊಬ್ಬನನ್ನು ಬೇಕೆಂದೇ ಕರಿಯರ ಕೈಗೆ ಸಿಗುವಂತೆ ತಂದು ನಿಲ್ಲಿಸಿತು.

“ಹೊಡೆದುಬಿಡೋಣ. ಆಮೇಲೆ ಕೋಟೆ ಕಟ್ಟಿಕೊಂಡು ಕೂರೋಣ,” ಎಂದ ಕರಿಯ ರಾಜ. ಅವನು ಅಂಜುಬುರುಕ.

ಮಂತ್ರಿಯ ಮುಂದಿದ್ದ ಕರಿಯ ಕಾಲಾಳು ಒಪ್ಪಲಿಲ್ಲ. “ಪ್ರಭು, ಅವರು ಬಯಸುವುದೂ ಅದನ್ನೇ. ಅದರ ಬದಲು ನನ್ನನ್ನು ಎರಡು ಮನೆ ಮುಂದೆ ಕಳಿಸಿ. ನನ್ನನ್ನು ಹೊಡೆಯಲು ಅವರು ಸಾಲು ಬಿಟ್ಟು ಬರುತ್ತಾರೆ. ನಮ್ಮ ಮಂತ್ರಿಗೂ ಒಂಟೆಗೂ ದಾರಿ ತೆರೆಯುತ್ತದೆ.”

“ನೀನು ಉಳಿಯುವುದಿಲ್ಲವಲ್ಲ, ಮಗು.”

“ಇಲ್ಲ. ನೀವೂ ಬಯಲಿಗೆ ಬೀಳುತ್ತೀರಿ. ಆದರೆ ಆಟ ನಮ್ಮ ಕೈಗೆ ಬರುತ್ತದೆ.”

ಕಾಲಾಳುಗಳಿಗೆ ಹಿಂದೆ ಬರುವ ನಡೆಯಿಲ್ಲವೆಂದು ಗೊತ್ತಿದ್ದೂ, “ಹೋಗಿ ಬಾ, ಕಂದ,” ಎಂದ ರಾಜ.

ಕಾಲಾಳು ಮುನ್ನುಗ್ಗಿದ, ಮರುನಡೆಯಲ್ಲೇ ಬಿದ್ದ. ತೆರೆದ ದಾರಿಯಲ್ಲಿ ಮಂತ್ರಿಯೂ ಒಂಟೆಯೂ ನುಗ್ಗಿ ಬಿಳಿಯ ಪಡೆಯನ್ನು ಚೆದುರಿಸಿದರು. ಹೊಡೆದಾಡುತ್ತ ತಾವೂ ಬಿದ್ದರು. ಕಡೆಗೆ ಉಳಿದವರು ಇಬ್ಬರು ರಾಜರು ಮತ್ತು ನಡುಸಾಲಿನ ಒಬ್ಬ ಕರಿಯ ಕಾಲಾಳು. ಆಚೆ ಅಂಚು ಮುಟ್ಟಿದರೆ ಅವನೇ ಮಂತ್ರಿಯಾಗುತ್ತಿದ್ದ. ಆದರೆ ಬಿಳಿಯ ರಾಜ ಅವನನ್ನು ಹೊಡೆಯಲು ಎದುರಿನಿಂದ ಬರುತ್ತಿದ್ದ.

“ಪ್ರಭು, ನಾನೂ ನುಗ್ಗಲೇ?” ಎಂದು ಆ ಕಾಲಾಳು ಕೇಳಿದ.

“ಬೇಡ, ನಿಲ್ಲು,” ಎಂದ ರಾಜ. ಅಲ್ಲಿಯವರೆಗೆ ಎಲ್ಲರ ಬೆನ್ನ ಹಿಂದೆಯೇ ಇದ್ದ ಅವನು ಕಾಲಾಳನ್ನು ದಾಟಿ ಎದುರಿಗೆ ಹೋಗಿ ನಿಂತ. “ಮುಂದೆ ನಾನು ನಡೆಯುತ್ತೇನೆ. ನೀನು ನಿಧಾನವಾಗಿ ನನ್ನ ಹಿಂದೆ ಬಾ.”

ರಾಜನ ಪಕ್ಕದ ಮನೆಗೆ ಇನ್ನೊಬ್ಬ ರಾಜ ಕಾಲಿಡುವಂತಿಲ್ಲ. ಬಿಳಿಯ ರಾಜ ಒಂದೊಂದೇ ಮನೆ ಹಿಂದೆ ಸರಿದ.