ಜ್ಞಾನಮ್ಮ ಕೈಹಿಡಿದು ತಂದವನು

ಹೊದ್ಕೊಂಡು ಮಲ್ಕೊ ಕಂದ, ಹೂಂ ಅಂತಿರು, ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಮುಂಚೆ, ಹೊಳೆ ದಡದ ಊರಲ್ಲಿ ರಾಯಪ್ಪ ಅನ್ನೋ ಉಪದೇಶಿ ಇದ್ದನಂತೆ. ಸ್ವಾಮಿಗಳು ಬಾರದ ಭಾನುವಾರ ಚರ್ಚಲ್ಲಿ ಜನಾನ ಸೇರಿಸಿ ಜಪ ಹೇಳ್ಸೋದು, ದೇವರ ಸ್ತುತಿ ಹಾಡ್ಸೋದು ಅವನ ಕೆಲಸ. ಅಂತೋಣಪ್ಪ, ಇನ್ನಾಸಪ್ಪ, ಕೊನೇಳು ಜ್ಞಾನಮ್ಮ, ಹಿಂಗೆ ಮೂರು ಮಕ್ಕಳಂತೆ. ತಾಯಿ ಇರ್ಲಿಲ್ಲ. ಒಂದು ಮಳೆಗಾಲ ಆ ತಾಯಿಗೆ ಹಾವು ಕಚ್ಚಿ, ಮದ್ದು ಕೊಡೋನು ಆಚೆ ದಡದಲ್ಲಿದ್ದ ಅಂತ ರಾಯಪ್ಪ ಅವಳನ್ನ ಹೊತ್ಕೊಂಡು ದಡಕ್ಕೆ ಓಡಿಹೋಗಿ ಅಂಬಿಗ ಚೌರಪ್ಪನ ಕಾಲು ಹಿಡ್ಕೊಂಡ್ರೆ, ಹರಿಗೋಲು ತೂತಾಗಿದೆ ಉಪದೇಶಿಗಳೇ, ಆಗಲ್ಲ ಅಂದ್ಬಿಟ್ಟನಂತೆ. ಆ ತಾಯಿ ದಡದಲ್ಲೇ ಪ್ರಾಣ ಬಿಟ್ಟಳಂತೆ. ಆಮೇಲೆ ಜನ ಹೋಗಿ ನೋಡಿದ್ರೆ ಹರಿಗೋಲು ಗಟ್ಟಿಯಾಗೇ ಇತ್ತಂತೆ. ಊರಿಗೂರೇ ಛೀ ಅಂತಂತೆ. ಚೌರಪ್ಪ ಮುಖ ತೋರ್ಸಲಾರದೆ ಆಚೆ ದಡ ಸೇರ್ಕೊಂಡ.

ಆಮೇಲೆ ರಾಯಪ್ಪಂಗೆ ವಯಸ್ಸಾಗಿ, ಮಕ್ಕಳನ್ನ ಕೂರಿಸ್ಕೊಂಡು, ಯೇಸುಸ್ವಾಮಿ ಸಾವಿಂದ ಎದ್ದುಬಂದ ಪಾಸ್ಕ ಹಬ್ಬಕ್ಕೆ ಯಾರು ದೇವರು ಮೆಚ್ಚೋ ಸ್ತುತಿ ತರ್ತೀರೋ ಅವರಿಗೇ ನನ್ನ ಜಾಗ ಅಂದನಂತೆ.

ಹಬ್ಬ ಬಂತು. ಅಂತೋಣಪ್ಪ ಎದ್ದು ಹಾಡಿದ್ನಂತೆ, ಕಂಠ ಅಂದ್ರೆ ಕಂಠ. ಜನ ಮೈಮರೆತು ಓಡಿಬಂದು ಅವನಿಗೇ ಹಾರ ಹಾಕಿದ್ರು. ಅವನು ಪೀಠಕ್ಕೆ ಬೆನ್ನು ತಿರುಗಿಸಿ ನಿಂತು ಕೈಮುಗಿಸ್ಕೊಂಡನಂತೆ. ಮುದುಕರೆಲ್ಲ ದಂಗಾಗಿಹೋದ್ರು.

ಆಮೇಲೆ ಇನ್ನಾಸಪ್ಪ, ಹೊಳೆಯಿಂದ ಚರ್ಚಿನತನಕ ಮಂಡಿಯಲ್ಲೇ ಬಂದ, ಮಂಡಿ ತುಂಬ ರಕ್ತ. ಬಾಗಿಲಲ್ಲಿ ಒಬ್ಬ ಕುರುಡಿ ಮುದುಕಿ ಅಡ್ಡ ಕೂತಿದ್ಲಂತೆ. ಅವಳನ್ನ ಮೊಣಕೈಯಿಂದ ನೂಕೇಬಿಟ್ಟ. ಅವಳು ಮೆಟ್ಟಿಲ ಮೇಲೆ ಉರುಳಿದ್ದು ನೋಡಿ ಹಾಡ್ತಿದ್ದ ಹೆಂಗಸರು ಅರ್ಧಕ್ಕೇ ನಿಲ್ಲಿಸಿದ್ರಂತೆ.

ಜ್ಞಾನಮ್ಮ ಎಲ್ಲಿ ಅಂತ ತಿರುಗಿ ನೋಡ್ತಾರೆ, ಆ ಮುದುಕೀನ ಎಬ್ಬಿಸಿ ಕೂರಿಸಿ ಒಳಗೆ ಬರ್ತಿದ್ದಾಳೆ. ಜ್ಞಾನಮ್ಮನ ಕೈಯಲ್ಲಿ, ಆಚೆ ದಡದಿಂದ ಕರ್ಕೊಂಡು ಬಂದ ಚೌರಪ್ಪನ ಕೈ. ಅಬ್ಬಾ ಕಂದ, ಜನ ಸರಕ್ಕಂತ ಪಕ್ಕಕ್ಕೆ ಸರಿದ್ರಂತೆ.

ನಿಮ್ಮವ್ವನ್ನ ಸಾಯೋಕೆ ಬಿಟ್ಟ ಕೈಯೇನೇ ಅದು, ಅಂದ ರಾಯಪ್ಪ.

ಹೌದು ಅಪ್ಪಯ್ಯ.

ಚೌರಪ್ಪ ತಲೆ ಎತ್ಲಿಲ್ಲ. ಹರಿಗೋಲು ತೂತಿರ್ಲಿಲ್ಲ ಉಪದೇಶಿಗಳೇ, ನೆರೆ ನೋಡಿ ಜೀವಭಯ ಆಯ್ತು, ಸುಳ್ಳಾಡ್ದೆ ಅಂದನಂತೆ.

ಇವನನ್ನ ತಂದು ಸ್ತುತಿ ಅಂತೀಯಾ, ಅಂತ ರಾಯಪ್ಪ ಕೇಳಿದ. ಅದಕ್ಕೆ ಮಗಳು ಮೆಲ್ಲಗೆ ಹೇಳಿದ್ಲಂತೆ. ಅಪ್ಪಯ್ಯ, ಚಿಕ್ಕೋಳಿದ್ದಾಗಿಂದ ನಿನ್ನ ಪಕ್ಕದಲ್ಲೇ ನಿಂತು ಜಪ ಹೇಳಿದ್ದೀನಿ. ತಪ್ಪು ಮಾಡಿದೋರನ್ನ ನಾವು ಕ್ಷಮಿಸ್ತೀವಿ ಅನ್ನೋ ಮಾತು ಬಂದಾಗೆಲ್ಲ ನಿನ್ನ ಬಾಯಿ ನಿಂತುಹೋಗುತ್ತೆ. ಊರೆಲ್ಲ ಹೇಳುತ್ತೆ, ನೀನು ಹೇಳಲ್ಲ. ದೇವರಿಗೆ ಸಲ್ಲಬೇಕಾದ ಆ ಒಂದು ಮಾತು ನಮ್ಮನೇಲೇ ಉಳಿದುಬಿಟ್ಟಿದೆ.

ರಾಯಪ್ಪಂಗೆ ಸಿಡಿಲು ಬಡಿದಂಗಾಯ್ತಂತೆ. ಯಾರಿಗೂ ಗೊತ್ತಾಗಿಲ್ಲ ಅಂದ್ಕೊಂಡಿದ್ದನಲ್ಲ. ಪೀಠದ ಮುಂದೆ ಹೋಗಿ ಮಂಡಿ ಊರಿದ. ಬಾ ಚೌರಪ್ಪ, ನನ್ನ ಪಕ್ಕದಲ್ಲಿ ಮಂಡಿ ಊರು ಅಂದು ಜಪ ಶುರುಮಾಡಿದ್ನಂತೆ. ಆ ಮಾತು ಬಂದಾಗ ನಿಲ್ಲಿಸ್ದೆ, ಊರಿಗೆಲ್ಲ ಕೇಳೋ ಹಂಗೆ ಹೇಳಿದ. ಚೌರಪ್ಪ ಚಿಕ್ಕ ಮಗು ಥರ ಅತ್ತುಬಿಟ್ಟನಂತೆ.

ರಾಯಪ್ಪ ತನ್ನ ಜಾಗ ಜ್ಞಾನಮ್ಮನಿಗೇ ಕೊಟ್ಟ. ಹೆಣ್ಣು ಉಪದೇಶಿ ಆದದ್ದು ಅವತ್ತೇ ಮೊದಲಂತೆ, ಊರು ಅದಕ್ಕೂ ಬಾಯಿ ಬಿಟ್ಕೊಂಡು ನೋಡ್ತಂತೆ. ಆಮೇಲೆ ಚೌರಪ್ಪ ಊರಿಗೆ ಬಂದು ನೆಲೆಸಿ, ಎಂಥಾ ನೆರೆ ಬಂದ್ರೂ ಕಾಯಿಲೆಯೋರನ್ನ ದಾಟಿಸ್ತಿದ್ದ, ಅಣ್ಣಂದಿರು ತಂಗಿಯ ಹಿಂದೆ ನಿಂತು ದನಿ ಸೇರ್ಸ್ತಿದ್ರು, ರಾಯಪ್ಪ ಮುಂದಿನ ಸಾಲಲ್ಲಿ ಕೂತು ಪೂರ್ತಿ ಜಪ ಹೇಳ್ತಾ ಸುಖವಾಗಿದ್ನಂತೆ.

ಅವರ ಕತೆ ಅಲ್ಲಿಗೆ ಮುಗೀತು ಕಂದ. ಶಿಲುಬೆ ಗುರುತು ಹಾಕ್ಕೊಂಡು ಕಣ್ಮುಚ್ಚು.