ನಕ್ಷೆಯ ನಲ್ಲಿ ಮತ್ತು ಮೆಂಬರ ಬೆಲ್ಲ

ನಮ್ಮೂರಲ್ಲಿ ಜನರೇ ಸೇರಿ ಮೊಬೈಲಿನಲ್ಲಿ ಊರಿನ ನಕ್ಷೆ ಮಾಡುತ್ತಿದ್ದರು. ಬಾವಿಯೋ ನಲ್ಲಿಯೋ ಕಂಡರೆ ನಕ್ಷೆಗೆ ಏರಿಸಬೇಕು. ಒಂದಕ್ಕೆ ಒಂದು ನಕ್ಷತ್ರ. ಹೆಚ್ಚು ನಕ್ಷತ್ರ ಗಳಿಸಿದವರಿಗೆ ‘ನಕ್ಷಾವೀರ’ ಅಂತ ಸನ್ಮಾನ.

ವಾರ್ಡಿನ ಮೆಂಬರು ಸಂಗನಬಸಪ್ಪ ಮನೆಯ ಹೊಸ್ತಿಲು ದಾಟದೆಯೇ ಎಲ್ಲರನ್ನೂ ಹಿಂದೆ ಹಾಕಿದ. ನಕ್ಷೆ ತುಂಬ ನಲ್ಲಿಯೇ ನಲ್ಲಿ! ಬೇಸಿಗೆಯಲ್ಲಿ ನೀರಿನ ಟ್ಯಾಂಕರಿನವನು ಆ ನಕ್ಷೆ ನೋಡಿ, “ನಿಮ್ಮ ಓಣ್ಯಾಗ ನಲ್ಲಿ ಐತಲ್ಲ” ಅಂತ ಗಾಡಿ ತಿರುಗಿಸಿಕೊಂಡು ಹೋದ.

ಓಣಿ ಓಣಿ ತಿರುಗುವ ಬಳೆಗಾರ್ತಿಗೆ ಆ ನಲ್ಲಿಗಳ ಮೇಲೆ ಮೊದಲಿನಿಂದಲೂ ಅನುಮಾನ. ಅಷ್ಟರಲ್ಲಿ ಮೆಂಬರು ಅಪ್ಪಣೆ ಮಾಡಿದ: “ಸನ್ಮಾನ ನಾಳೇನ ಆಗಬೇಕು. ಮೆರವಣಿಗೀನೂ ಬೇಕು.”

“ಆಗ್ಲಿ ರೀ ಧಣ್ಯಾರ,” ಅಂದಳು ಬಳೆಗಾರ್ತಿ. “ನಿಮ್ಮ ನಲ್ಲಿ ಇದ್ದಲ್ಲೆಲ್ಲ ನಿಲ್ಲಿಸಿ, ಬೆಲ್ಲ ಕೊಟ್ಟು, ಅದೇ ನಲ್ಲಿ ನೀರು ಕೊಟ್ಟು ಮರ್ಯಾದಿ ಮಾಡ್ತೀವ್ರಿ.”

ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಬೇಡ ಅನ್ನುವಂತಿಲ್ಲ.

ನೆತ್ತಿ ಸುಡುವ ಬಿಸಿಲು. ಹಲಗೆ ಬಾರಿಸುತ್ತ ನಕ್ಷೆ ತೋರಿಸಿದಲ್ಲಿಗೆ ಹೋದರು. ಅಲ್ಲಿತ್ತು ಲೈಟಿನ ಕಂಬ. ಮೆಂಬರ ಬಾಯಿಗೆ ಬೆಲ್ಲ ಬಿತ್ತು, ನೀರಿಲ್ಲ. ಮುಂದಿನ ನಲ್ಲಿ ಇರಬೇಕಾದಲ್ಲಿ ಬರೀ ಗೋಡೆ. ಮತ್ತೆ ಬೆಲ್ಲ. ಆಮೇಲೆ ಒಂದು ತಿಪ್ಪೆ. ಅಲ್ಲೂ ಬೆಲ್ಲ.

“ಒಂದ್ ಗುಟುಕು ನೀರು ಕೊಡವ್ವಾ!” ಅಂದ ಮೆಂಬರು. ನಾಲಿಗೆ ಅಂಗುಳಕ್ಕೆ ಅಂಟಿತ್ತು.

ಬಳೆಗಾರ್ತಿ ಮೊಬೈಲು ನೋಡಿದಳು. ಆಮೇಲೆ ಅವನ ಕಾಲು ನೋಡಿದಳು.

“ತುಸು ಸರೀರಿ ಧಣ್ಯಾರ. ನಲ್ಲಿ ಮ್ಯಾಲೇ ನಿಂತೀರಿ.”

ಬೆಲ್ಲ ಮೆತ್ತಿದ ಬೆರಳಿನಿಂದಲೇ ಮೆಂಬರು ನಲ್ಲಿಗಳನ್ನೆಲ್ಲ ಅಳಿಸಿದ. ಸಂಜೆಗೆ ಟ್ಯಾಂಕರು ಬಂತು. ಎಲ್ಲರೂ ಕೊಡ ಹಿಡಿದು ಓಡಿದರು. ಬಳೆಗಾರ್ತಿ ಮಾತ್ರ ಮೊದಲು ಟ್ಯಾಂಕರಿಗೆ ಬಡಿದು, ಒಳಗೆ ನಿಜಕ್ಕೂ ನೀರು ಇದೆಯೋ ಇಲ್ಲವೋ ಅಂತ ಕಿವಿಗೊಟ್ಟು ಕೇಳಿದಳು.