ಹಾಲುಗಾಳಿನ ಎಂಟು ದಿನ

“ಗುರುಗಳೇ, ಒಳ್ಳೆಯದನ್ನು ಪೂರ್ತಿಯಾದ ಮೇಲೆ ಕೊಡುವುದು ಮೇಲೋ, ಅರ್ಧಂಬರ್ಧ ಇರುವಾಗಲೇ ಕೊಡುವುದು ಮೇಲೋ?” ಎಂದು ಶಿಷ್ಯನೊಬ್ಬ ಕೇಳಿದ.

ಮಾಘದ ಬೆಳಗು. ಗುರುಗಳು ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. “ಸುತ್ತಿ ಬಳಸಿ ಕೇಳಬೇಡ. ಯಾರಿಗೆ ಏನು ಕೊಡಬೇಕಾಗಿದೆ?” ಎಂದರು.

ಶಿಷ್ಯ ತಲೆ ತಗ್ಗಿಸಿ ಹೇಳಿದ. ಅವನ ತಾಯಿ ಅಣ್ಣನ ಮನೆಯಲ್ಲಿದ್ದಾಳೆ. ಒಮ್ಮೆ ಬಂದು ಮುಖ ತೋರಿಸಿ ಹೋಗು ಎಂದು ಮೂರನೆಯ ಸಲ ಹೇಳಿಕಳಿಸಿದ್ದಾಳೆ. ಅವನು ಮನೆ ಬಿಟ್ಟು ಆರು ವರ್ಷವಾಯಿತು. ಇನ್ನೊಂದು ವರ್ಷಕ್ಕೆ ಓದು ಮುಗಿಯುತ್ತದೆ. ಆಗ ಶಾಲು ಹೊದ್ದು, ಪಂಡಿತನಾಗಿ ಅವಳೆದುರು ನಿಂತರೆ ಅವಳಿಗೆ ಎಷ್ಟು ಸಂತೋಷ! ಈಗ ಹೋದರೆ ಬರಿಗೈ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಒಳ್ಳೆಯವನು. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ. ಅವನಿಗೊಬ್ಬ ಅಕ್ಕ. ಎಳವೆಯಲ್ಲೇ ತಾಯಿ ಸತ್ತಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳನ್ನು ಕೊಟ್ಟ ಊರು ಒಂದು ದಿನದ ದಾರಿ.

ಆ ಸೀಮೆಯಲ್ಲಿ ಚಳಿಗಾಲದ ಕೊನೆಗೆ ಹೊಲದಲ್ಲೇ ಜೋಳದ ಎಳೆಯ ತೆನೆ ಸುಟ್ಟು ತಿನ್ನುತ್ತಾರೆ. ಅದಕ್ಕೆ ಸೀತನಿ ಎನ್ನುತ್ತಾರೆ. ಸಗಣಿಯ ಕುಳ್ಳಿನ ಕೆಂಡದಲ್ಲಿ ತೆನೆ ಹೂತು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಬಾಯಿಗೆ ಹಾಕಿಕೊಳ್ಳುವುದು. ಜೊತೆಗೆ ನಂಚಿಕೊಳ್ಳಲು ಶೇಂಗಾ ಹಿಂಡಿ, ಬೆಲ್ಲ. ಕಾಳಿನಲ್ಲಿ ಹಾಲು ತುಂಬಿರುವುದು ಎಂಟು ದಿನ, ಹೆಚ್ಚೆಂದರೆ ಹತ್ತು. ರೈತ ಪ್ರತಿವರ್ಷ ಆ ದಿನಗಳಲ್ಲಿ ಅಕ್ಕನಿಗೆ ಹೇಳಿಕಳಿಸುತ್ತಿದ್ದ. ಅವಳು ಬಂದು ತೆನೆ ತಿಕ್ಕಿ ಮೊದಲ ಹಿಡಿ ಅವನ ಕೈಗೇ ಹಾಕುತ್ತಿದ್ದಳು. ಕರೆ ಬಾರದೆ ಮಾತ್ರ ಬರುತ್ತಿರಲಿಲ್ಲ. ತವರಾದರೂ ಕರೆಯದೆ ಹೊಲಕ್ಕೆ ಕಾಲಿಡುವುದು ಆ ಕಡೆಯ ಹೆಣ್ಣುಮಕ್ಕಳ ವಾಡಿಕೆಯಲ್ಲ.

ಒಂದು ವರ್ಷ ಅಕ್ಕನಿಗೆ ಜ್ವರ, ಬರಲಾಗಲಿಲ್ಲ. ಮರುವರ್ಷ ಬೆಳೆ ಎದೆಯುದ್ದ ಬಂತು. ಕಾಳಿನಲ್ಲಿ ಹಾಲು ತುಂಬಿತು.

“ಅಕ್ಕಾರಿಗೆ ಹೇಳಿ ಕಳಸ್ರಿ,” ಎಂದಳು ಹೆಂಡತಿ.

“ಇನ್ನ ನಾಕು ದಿನ ತಡಿ. ತೆನಿ ಮತ್ತಷ್ಟು ದುಂಡಗಾಗ್ಲಿ. ಹ್ವಾದ ವರ್ಷದ್ದೂ ಕೂಡಿಸಿ ಉಣಸ್ತೀನಿ ಅಕ್ಕಗ,” ಎಂದ ರೈತ.

ನಾಲ್ಕು ದಿನ ತಡೆದ. ತೆನೆ ದುಂಡಗಾಯಿತು. ಆಸೆ ಅಲ್ಲಿಗೆ ನಿಲ್ಲುತ್ತದೆಯೇ? ಮತ್ತೆರಡು ದಿನ ತಡೆದ. ಬೇರೆ ಯಾರಿಗೂ ಒಂದು ತೆನೆ ಮುರಿಯಗೊಡಲಿಲ್ಲ. ಆ ವರ್ಷ ಚಳಿ ಬೇಗ ಮುರಿಯಿತು. ಒಣ ಗಾಳಿ ಎದ್ದು ಮೂರೇ ದಿನದಲ್ಲಿ ಹೊಲ ಬಿಳಿಚಿತು. ರೈತ ಕಾಳು ಹಿಚುಕಿ ನೋಡಿದ. ಉಗುರು ಇಳಿಯಲಿಲ್ಲ. ಹೋಗಲಿ, ಯುಗಾದಿಗೆ ಕರೆದು ಹೋಳಿಗೆ ಉಣಿಸಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ಸಂತೆಗೆ ಬಂದವರ ಬಾಯಲ್ಲಿ ಸುದ್ದಿ ಬಂತು. ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಊಟ ಬಿಟ್ಟಿದ್ದಾಳೆ. ತಮ್ಮನ ಹೊಲದಲ್ಲಿ ಸೀತನಿ ಆಯಿತೇನು ಎಂದು ದಿನಾ ಕೇಳುತ್ತಾಳೆ.

ರೈತ ಹೊಲಕ್ಕೆ ಓಡಿದ. ಹೊಲದ ಮೂಲೆ ಮೂಲೆ ಹುಡುಕಿದ. ಹಸಿ ತೆನೆ ಒಂದೂ ಸಿಗಲಿಲ್ಲ. ಕಡೆಗೆ ಬಲಿತ ಕಾಳನ್ನೇ ಆಕಳ ಹಾಲಿನಲ್ಲಿ ನೆನೆಹಾಕಿ, ಹುರಿದು, ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟ. ಬಲಿತದ್ದನ್ನು ಮತ್ತೆ ಎಳೆಯದು ಮಾಡಲು ಹೊರಟ ಮನುಷ್ಯನನ್ನು ಕಂಡು ನಗಬೇಕೋ ಅಳಬೇಕೋ, ನೀನೇ ಹೇಳು.

ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದೇ ಮಲಗಿದ್ದಳು. ತಮ್ಮನನ್ನು ಕಂಡು ಅವಳ ಕಣ್ಣು ತುಂಬಿದವು. ಅವನು ಅವಳ ಅಂಗೈಗೆ ಕಾಳು ಹಾಕಿದ. ಸೆರಗಿನ ಮರೆಯಲ್ಲೇ ಅವಳು ಕೈಯನ್ನು ಬಾಯಿಗೆ ಒಯ್ದಳು. ತುಸು ಹೊತ್ತು ದವಡೆ ಆಡಿಸಿದಳು.

“ಹ್ಯಾಂಗ ಅದಾವಕ್ಕಾ?” ಎಂದು ರೈತ ಕೇಳಿದ.

“ಹದಾ ಆಗ್ಯಾವಪಾ ತಮ್ಮಾ. ಇನ್ನೊಂದೀಟು ಹಾಕು,” ಎಂದಳು ಅಕ್ಕ.

ಅವನು ಮತ್ತೊಂದು ಹಿಡಿ ಹಾಕಿದ. ತಡವಾದರೂ ಅಕ್ಕನ ಆಸೆ ತೀರಿಸಿದೆ ಎಂದು ಹಗುರಾಗಿ ಊರಿಗೆ ಮರಳಿದ. ಎಂಟನೆಯ ದಿನಕ್ಕೆ ಅವಳು ಹೋದಳು.

ಅಕ್ಕನನ್ನು ಮಣ್ಣು ಮಾಡಲು ಹೋದ ರೈತನನ್ನು ಅವಳ ಸೊಸೆ ಒಳಗೆ ಕರೆದಳು. ಮೀಯಿಸುವಾಗ ಸೆರಗಿನ ತುದಿಯಲ್ಲಿ ಸಿಕ್ಕ ಗಂಟನ್ನು ಬಿಚ್ಚಿ ತೋರಿಸಿದಳು. ಹುರಿದ ಜೋಳ. ಅವನು ಹಾಕಿದ ಎರಡೂ ಹಿಡಿ ಅದರಲ್ಲಿದ್ದವು. ಒಂದು ಕಾಳೂ ಮುರಿದಿರಲಿಲ್ಲ.

“ಅತ್ತಿಯಾರಿಗೆ ಹಲ್ಲು ಎಲ್ಲಿದ್ದೂರಿ ಮಾವಾ? ಬಿದ್ದು ವರ್ಷಾತು,” ಎಂದಳು ಸೊಸೆ. “ಹಾಲುಗಾಳು ಆಗಿದ್ರ ವಸಡಿನಾಗ ಅರದು ನುಂಗತಿದ್ರು. ಉಗುಳಿದ್ರ ನೀವು ನೊಂದ್ಕೋತೀರಿ ಅಂತ ಕಟ್ಟಿಟ್ಟಿದ್ರು.”

ರೈತ ಆ ಗಂಟನ್ನು ಮನೆಗೆ ತಂದ. ಅಂದಿನಿಂದ ಅವನ ಹೊಲದಲ್ಲಿ ಯಾರು ಬೇಕಾದರೂ ತೆನೆ ಮುರಿಯಬಹುದಿತ್ತು. ಅವನು ಮಾತ್ರ ಮತ್ತೆ ಸೀತನಿಯ ಕೆಂಡದ ಮುಂದೆ ಕೂರಲಿಲ್ಲ.

ಗುರುಗಳು ಕತೆ ಮುಗಿಸಿದರು. ಬಿಸಿಲು ಕಟ್ಟೆಯಿಂದ ಸರಿದಿತ್ತು. ಶಿಷ್ಯ, “ಆದರೆ ಗುರುಗಳೇ, ನನಗೆ ಬೇಕಿರುವುದು ಒಂದೇ ವರ್ಷ,” ಎಂದ.

ಗುರುಗಳು ಎದ್ದು, ಹೊದ್ದ ಕಂಬಳಿಯನ್ನು ಮಡಿಸುತ್ತ ಕೇಳಿದರು: “ನಿನ್ನ ತಾಯಿಗೆ ಈಗ ಹಲ್ಲು ಎಷ್ಟಿವೆ?”